ಕಿಬ್ಬರ್ ಚಳಿಗೆ ಯಾವ ಗ್ಲೌಸ್? ಕ್ಲಿಕ್ಕಿಗಲ್ಲ, ಕಾಯೋದಕ್ಕೆ ಕೊಳ್ಳಿ

ಪ್ರಶ್ನೆ: ನಾನು ಶಿವಮೊಗ್ಗದವಳು. ಭದ್ರಾ, ಕಬಿನಿ ಅಂತ ಕಾಡು ಸುತ್ತಿ ಫೋಟೊ ತೆಗೆಯುವ ಹುಚ್ಚು. ಬರುವ ಫೆಬ್ರವರಿಯಲ್ಲಿ ಹಿಮಚಿರತೆ ನೋಡೋಕೆ ಹಿಮಾಚಲ ಪ್ರದೇಶದ ಸ್ಪಿತಿಯ ಕಿಬ್ಬರ್‌ಗೆ ಹೊರಟಿದ್ದೇನೆ. ಮಿರರ್‌ಲೆಸ್ ಕ್ಯಾಮೆರಾ, 200-600 ಲೆನ್ಸ್ ಇದೆ. ಸಮಸ್ಯೆ ಇರುವುದು ಕೈಯದ್ದು. ಕೆಮ್ಮಣ್ಣುಗುಂಡಿಯ ಬೆಳಗಿನ ಚಳಿಗೇ ನನ್ನ ಬೆರಳುಗಳು ಬೆಳ್ಳಗಾಗಿ ಮರಗಟ್ಟುತ್ತವೆ. ದಪ್ಪ ಗ್ಲೌಸ್ ಒಂದು ಜೊತೆ ಸಾಕಾ? ಫೋಟೊಗ್ರಫಿಗೆಂದೇ ಮಾಡಿದ ವಿದೇಶಿ ಗ್ಲೌಸ್ ತರಿಸಬೇಕಾ? ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸ್ ಹೇಗೆ? ನಮ್ಮ ಮನೆಯವರ ಬುಲೆಟ್ ಗ್ಲೌಸ್ ಇದೆ, ಅದೇ ನಡೆಯುತ್ತಾ?

ಉತ್ತರ: ಬುಲೆಟ್ ಗ್ಲೌಸ್ ಮನೆಯಲ್ಲೇ ಇರಲಿ. ಅದು ಹ್ಯಾಂಡಲ್ ಹಿಡಿಯೋಕೆ, ಬಿದ್ದರೆ ಕೈ ತರಚದಂತೆ ಕಾಯೋಕೆ ಮಾಡಿದ್ದು. ಬೆರಳಿಗೆ ಬಿಗಿಯಾಗಿ ಕೂರುತ್ತದೆ, ಗೆಣ್ಣಿನ ಮೇಲೆ ಗಟ್ಟಿ ಪ್ಲಾಸ್ಟಿಕ್ ಬೇರೆ. ಕೈಯನ್ನು ಬೆಚ್ಚಗಿಡುವುದು ಗ್ಲೌಸಿನೊಳಗೆ ಅಲುಗಾಡದೆ ನಿಂತಿರುವ ಗಾಳಿ. ಬಿಗಿ ಗ್ಲೌಸಿನಲ್ಲಿ ಅದಕ್ಕೆ ಜಾಗವೇ ಇಲ್ಲ, ಸಾಲದ್ದಕ್ಕೆ ಬೆರಳಿಗೆ ರಕ್ತ ಹರಿಯೋದಕ್ಕೂ ಅಡ್ಡಿ. ಅದೂ ಅಲ್ಲದೆ ನಿಮ್ಮ ಮನೆಯವರ ಕೈ ಅಳತೆಯೇ ಬೇರೆ, ನಿಮ್ಮದೇ ಬೇರೆ ಅಲ್ವಾ.

ಒಂದು ದಪ್ಪ ಗ್ಲೌಸ್ ಸಾಕಾ ಅಂದರೆ, ಸಾಲದು. ಹೆಚ್ಚಿನವರು ಎಡವುವುದು ಇಲ್ಲೇ. ಬೆಚ್ಚಗೂ ಇರಬೇಕು, ಬಟನ್ನೂ ಒತ್ತಲು ಬರಬೇಕು ಅಂತ ಒಂದೇ ಗ್ಲೌಸ್ ಹುಡುಕುತ್ತಾರೆ. ಕೊನೆಗೆ ಸಿಗುವುದು ಎರಡಕ್ಕೂ ಅಷ್ಟಕ್ಕಷ್ಟೇ ಆದ ಒಂದು ಜೊತೆ. ಬೆರಳು ಬೆಚ್ಚಗಿರಬೇಕಾದರೆ ದಪ್ಪ ಬೇಕು, ಬಟನ್ ಗೊತ್ತಾಗಬೇಕಾದರೆ ತೆಳು ಬೇಕು. ಈ ಜಗಳವನ್ನು ಯಾವ ಕಂಪನಿಯೂ ಪೂರ್ತಿ ಬಗೆಹರಿಸಿಲ್ಲ, ಏನೇ ಜಾಹೀರಾತು ಕೊಡಲಿ.

ಕಿಬ್ಬರ್‌ನಲ್ಲಿ ನಿಮ್ಮ ಒಂದು ದಿನ ಹೇಗಿರುತ್ತದೆ ಅಂತ ಮೊದಲು ನೋಡಿ, ಆಮೇಲೆ ಗ್ಲೌಸಿನ ಮಾತು. ಊರು ಇರುವುದು ಸುಮಾರು 4,200 ಮೀಟರ್ ಎತ್ತರದಲ್ಲಿ. ಪಕ್ಕದಲ್ಲೇ ಆಳವಾದ ಕಮರಿ, ಅದರಾಚೆ ಚಿಚಮ್ ಅನ್ನುವ ಊರು, ನಡುವೆ 2017ರಲ್ಲಿ ತೆರೆದ ಎತ್ತರದ ಸೇತುವೆ. ಚಳಿಗಾಲದಲ್ಲಿ ಹಿಮಚಿರತೆ ಹೆಚ್ಚಾಗಿ ಕಾಣಿಸುವುದು ಇಂಥ ಕಮರಿಗಳ ಬಂಡೆಗಳಲ್ಲಿ, ಐಬೆಕ್ಸ್ ಅನ್ನುವ ಕಾಡುಮೇಕೆ ಮತ್ತು ಭರಲ್ ಅಂದರೆ ನೀಲಿಕುರಿಗಳ ಹಿಂದೆ. ಊರಿನ ಹುಡುಗರು ಬೆಳಗಾಗುತ್ತಲೇ ಸ್ಕೋಪ್ ಅಂದರೆ ದುರ್ಬೀನು ಹಿಡಿದು ಹುಡುಕಲು ಹೊರಡುತ್ತಾರೆ, ಸಿಕ್ಕರೆ ವೈರ್‌ಲೆಸ್‌ನಲ್ಲಿ ಹೇಳುತ್ತಾರೆ, ನೀವು ಕಮರಿಯ ಅಂಚಿಗೆ ಹೋಗಿ ಟ್ರೈಪಾಡ್ ನಿಲ್ಲಿಸುತ್ತೀರಿ. ಆಮೇಲೆ ಕಾಯುವುದೇ ಕೆಲಸ. ಅದು ಬಂಡೆಯ ನೆರಳಲ್ಲಿ ಮಲಗಿತು ಅಂದರೆ ಗಂಟೆಗಟ್ಟಲೆ ಏಳುವುದಿಲ್ಲ. ಬಾಲ ಒಮ್ಮೆ ಆಡಿಸುತ್ತದೆ, ಅಷ್ಟೇ. ನಿಮ್ಮ ಕೈಗೆ ಅಷ್ಟು ಹೊತ್ತೂ ಯಾವ ಬಟನ್ನೂ ಬೇಡ, ಬರೀ ಬಿಸಿ ಬೇಕು. ಎದ್ದು ನಡೆದಾಗ ಮಾತ್ರ ಎರಡು ಮೂರು ನಿಮಿಷ ಬೆರಳಿಗೆ ಚುರುಕು ಬೇಕು. ಅದಕ್ಕೇ ನಾನು ಹೇಳೋದು, ಗ್ಲೌಸ್ ಕೊಳ್ಳುವಾಗ ದುಡ್ಡಿನ ಹೆಚ್ಚು ಪಾಲನ್ನು ಕಾಯುವ ಹೊತ್ತಿಗೆ ಹಾಕಿ. ಅಂಗಡಿಯಲ್ಲಿ ಎಲ್ಲರೂ ಮೊದಲು ನೋಡುವುದು ಶಟರ್ ಒತ್ತಲು ಬರುತ್ತಾ ಅಂತ. ನೀವು ಅದನ್ನು ಎರಡನೆಯದಾಗಿ ನೋಡಿ.

ಚಳಿ ಎಷ್ಟು ಅಂದರೆ, ಫೆಬ್ರವರಿ ಬೆಳಗ್ಗೆ ಮೈನಸ್ 20 ಅಲ್ಲಿ ದೊಡ್ಡ ಸುದ್ದಿಯೇನಲ್ಲ. ಆದರೆ ಥರ್ಮಾಮೀಟರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಕಮರಿಯ ಅಂಚಿನಲ್ಲಿ ಗಾಳಿ ಇದೆ. ಮೈನಸ್ 10ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 20 ಇದ್ದ ಹಾಗೆ. ಮೈನಸ್ 20ರಲ್ಲಿ ಅದೇ ಗಾಳಿ ಬಂದರೆ ಮೈನಸ್ 33. ಅಷ್ಟು ಚಳಿಯಲ್ಲಿ ಮುಚ್ಚದ ಚರ್ಮಕ್ಕೆ ಹತ್ತರಿಂದ ಮೂವತ್ತು ನಿಮಿಷದೊಳಗೆ ಫ್ರಾಸ್ಟ್‌ಬೈಟ್, ಅಂದರೆ ಚರ್ಮ ಹೆಪ್ಪುಗಟ್ಟಿ ಹಾಳಾಗುವ ಅಪಾಯ ಇದೆ ಅಂತ ಕೆನಡಾದ ಹವಾಮಾನ ಇಲಾಖೆಯ ಪಟ್ಟಿ ಹೇಳುತ್ತದೆ. ಇದು ಬರಿಗೈಗೆ ಹೇಳಿದ್ದು. ಕೈಯಲ್ಲಿ ಲೋಹದ ಕ್ಯಾಮೆರಾ ಹಿಡಿದರೆ ಕಥೆ ಇನ್ನೂ ಬೇಗ ಮುಗಿಯುತ್ತದೆ, ಯಾಕೆಂದರೆ ಲೋಹ ಕೈಯ ಬಿಸಿಯನ್ನು ಗಾಳಿಗಿಂತ ಎಷ್ಟೋ ಪಾಲು ವೇಗವಾಗಿ ಎಳೆದುಕೊಳ್ಳುತ್ತದೆ.

ಈಗ ಏನು ಕೊಳ್ಳಬೇಕು ಅಂತ ನೋಡೋಣ. ನಿಮಗೆ ಬೇಕಾಗಿರುವುದು ಒಂದರ ಮೇಲೊಂದು ಹಾಕುವ ಮೂರು ಪದರ.

ಚರ್ಮಕ್ಕೆ ತಾಗುವುದು ತೆಳುವಾದ ಲೈನರ್, ಅಂದರೆ ಒಳಗಿನ ಗ್ಲೌಸ್. ಮೆರಿನೊ ಉಣ್ಣೆಯದ್ದು ಸಿಕ್ಕರೆ ಒಳ್ಳೇದು, ಇಲ್ಲವೇ ಪಾಲಿಯೆಸ್ಟರ್‌ನದ್ದು. ಹತ್ತಿಯದ್ದು ಮಾತ್ರ ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿ ಹಾಗೇ ಕೂರುತ್ತದೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಕೈಗೆ ಒದ್ದೆ ಅನಿಸುವುದಿಲ್ಲ. ಲೈನರನ್ನು ಎರಡು ಜೊತೆ ತೆಗೆದುಕೊಳ್ಳಿ, ಒಂದು ಒದ್ದೆಯಾದರೆ ಇನ್ನೊಂದು. ಅದನ್ನು ಇಡೀ ದಿನ ತೆಗೆಯುವ ಹಾಗಿಲ್ಲ. ಮೆಮೊರಿ ಕಾರ್ಡ್ ಬದಲಿಸುವಾಗ, ಮೂಗು ಒರೆಸುವಾಗ ಕೂಡ. ಬರಿಗೈ ಹೊರಗೆ ಬರುವುದು ಊಟದ ಹೊತ್ತಿಗೆ ಮಾತ್ರ ಅಂದುಕೊಳ್ಳಿ.

ಲೈನರ್ ಕೊಳ್ಳುವಾಗ ತೋರುಬೆರಳಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹೊಲಿಗೆ ಎಲ್ಲಿ ಬಂದಿದೆ? ಕೆಲವು ಗ್ಲೌಸಿನಲ್ಲಿ ಅದು ಸರಿಯಾಗಿ ಬೆರಳಿನ ಮೆತ್ತೆಯ ಮೇಲೆ, ಅಂದರೆ ಶಟರ್ ತಾಗುವ ಜಾಗದಲ್ಲೇ ಹಾದುಹೋಗುತ್ತದೆ. ಶಟರನ್ನು ಅರ್ಧ ಒತ್ತಿ ನಿಲ್ಲಿಸುವುದು ಕೂದಲೆಳೆಯ ಕೆಲಸ. ನಡುವೆ ಹೊಲಿಗೆಯ ಗಂಟು ಇದ್ದರೆ ಅರ್ಧ ಎಲ್ಲಿ, ಪೂರ್ತಿ ಎಲ್ಲಿ ಅಂತ ಬೆರಳಿಗೆ ತಿಳಿಯುವುದೇ ಇಲ್ಲ, ಬೇಡದಾಗ ಇಪ್ಪತ್ತು ಫೋಟೊ ಹೊಡೆದಿರುತ್ತದೆ. ಹೊಲಿಗೆ ಬೆರಳಿನ ಪಕ್ಕಕ್ಕೆ ಅಥವಾ ಉಗುರಿನ ಕಡೆಗೆ ಇರಬೇಕು. ತುದಿಯಲ್ಲಿ ಖಾಲಿ ಬಟ್ಟೆ ಜೋಲಬಾರದು. ಟಚ್‌ಸ್ಕ್ರೀನ್‌ಗೆ ಕೆಲಸ ಮಾಡುತ್ತದೆ ಅನ್ನುವ ಚೀಟಿಗೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ. ಆ ದಾರ ಬೇಗ ಸವೆಯುತ್ತದೆ, ಅಲ್ಲಿ ನೀವು ಸ್ಕ್ರೀನ್ ಮುಟ್ಟದೆ ಬಟನ್ನಿನಲ್ಲೇ ಎಲ್ಲ ಮಾಡುವುದು ಮೇಲು.

ಎರಡನೆಯದು ನಡುವಿನ ಗ್ಲೌಸ್. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯನ್ನು ಟೋಪಿಯ ಹಾಗೆ ಹಿಂದಕ್ಕೆ ಮಡಚಬಹುದಾದದ್ದು. ನೀವು ಕೇಳಿದ ಫೋಟೊಗ್ರಫಿ ಗ್ಲೌಸ್ ಅನ್ನುವುದು ಇದೇ. ನಾರ್ವೆಯ ವ್ಯಾಲರೆಟ್ ಕಂಪನಿ ಈ ಕೆಲಸಕ್ಕೆಂದೇ ಗ್ಲೌಸ್ ಮಾಡುತ್ತದೆ, ಮಡಚಿದ ತುದಿ ಜೋಲದಂತೆ ಹಿಡಿಯಲು ಸಣ್ಣ ಅಯಸ್ಕಾಂತ ಇಟ್ಟಿರುತ್ತಾರೆ. ಆಸ್ಟ್ರಿಯಾದ ದಿ ಹೀಟ್ ಕಂಪನಿಯದ್ದು ಇನ್ನೊಂದು ಬಗೆ, ಅಲ್ಲಿ ಹೊರಗಿನ ಮಿಟನ್ನೇ (ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಕೂರುವ ಗ್ಲೌಸ್) ಜಿಪ್ ತೆಗೆದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಒಳಗೆ ತೆಳು ಗ್ಲೌಸಿನ ಬೆರಳು ಹೊರಬರುತ್ತವೆ, ಹ್ಯಾಂಡ್ ವಾರ್ಮರ್ ಇಡಲು ಜೇಬೂ ಇದೆ. ಎರಡೂ ಒಳ್ಳೆಯ ಮಾಲು. ತರಿಸಬೇಕಾ ಅಂದರೆ, ವರ್ಷಕ್ಕೊಮ್ಮೆಯಾದರೂ ಲಡಾಖ್, ಸ್ಪಿತಿ ಅಂತ ಹೋಗುವವರಾದರೆ ತರಿಸಿ, ಕಸ್ಟಮ್ಸ್ ಸುಂಕ ಸೇರಿ ಬೆಲೆ ಏರುತ್ತದೆ ಅನ್ನುವುದು ತಲೆಯಲ್ಲಿರಲಿ. ಒಂದೇ ಸಲದ ಪ್ರವಾಸಕ್ಕಾದರೆ ಆ ದುಡ್ಡನ್ನು ಹೊರಗಿನ ಮಿಟನ್‌ಗೆ ಹಾಕುವುದು ಜಾಣತನ. ಡೆಕಥ್ಲಾನ್‌ನಂಥ ಕಡೆ ಸಿಗುವ ಟ್ರೆಕಿಂಗ್ ಗ್ಲೌಸ್, ತುದಿ ಮಡಚುವ ಫ್ಲೀಸ್ ಗ್ಲೌಸ್ ನಡುವಿನ ಪದರಕ್ಕೆ ಧಾರಾಳವಾಗಿ ಸಾಕು. ಬರೀ ಫ್ಲೀಸ್ ಗಾಳಿ ತಡೆಯುವುದಿಲ್ಲ, ಆದರೆ ಮೇಲೆ ಮಿಟನ್ ಬರುತ್ತದಲ್ಲ.

ಮಡಚುವ ತುದಿಯದ್ದೇ ಒಂದು ಕಿರಿಕಿರಿ ಇದೆ, ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಅಯಸ್ಕಾಂತವೋ ಗುಂಡಿಯೋ ಇಲ್ಲದಿದ್ದರೆ ಮಡಚಿದ ತುದಿ ಸಡಿಲವಾಗಿ ಮೇಲೆದ್ದು ನಿಲ್ಲುತ್ತದೆ, ನೀವು ಕಣ್ಣಿಗೆ ಹಿಡಿಯುವಾಗ ವ್ಯೂಫೈಂಡರಿನ ಪಕ್ಕದ ಸೆನ್ಸರ್‌ಗೆ ಅಡ್ಡ ಬಂದು ಹಿಂದಿನ ಸ್ಕ್ರೀನ್ ಆರುತ್ತದೆ, ಹೊತ್ತುತ್ತದೆ. ವೆಲ್ಕ್ರೊ ಇರುವುದೂ ಬೇಡ. ಆ ನಿಶ್ಶಬ್ದದಲ್ಲಿ ಪರ್ರ್ ಅಂತ ಕಿತ್ತ ಸದ್ದಿಗೆ ಕಮರಿಯಾಚೆಯ ಹಿಮಚಿರತೆ ಓಡಲಿಕ್ಕಿಲ್ಲ, ಆದರೆ ಊರಂಚಿಗೆ ಬಂದ ಕೆಂಪು ನರಿ ಖಂಡಿತ ಕಿವಿ ನಿಮಿರಿಸುತ್ತದೆ. ಪಕ್ಕದಲ್ಲಿ ನಿಂತ ಫೋಟೊಗ್ರಾಫರ್ ನಿಮ್ಮನ್ನು ನೋಡುವ ನೋಟ ಬೇರೆ!

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಗಿನ ಮಿಟನ್. ನಾಲ್ಕು ಬೆರಳೂ ಒಟ್ಟಿಗೆ ಒಂದೇ ಚೀಲದಲ್ಲಿ, ಹೆಬ್ಬೆರಳು ಮಾತ್ರ ಬೇರೆ. ಬೆರಳು ಬೇರೆ ಬೇರೆ ಇದ್ದರೆ ಪ್ರತಿಯೊಂದೂ ಸುತ್ತಲಿಂದ ಬಿಸಿ ಕಳೆದುಕೊಳ್ಳುತ್ತದೆ, ಒಟ್ಟಿಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ. ಒಳಗೆ ಹಕ್ಕಿಯ ನಯವಾದ ಪುಕ್ಕ ಅಂದರೆ ಡೌನ್ ತುಂಬಿದ್ದು ಹಗುರ, ಬಹಳ ಬೆಚ್ಚಗೆ, ಒದ್ದೆಯಾದರೆ ಮಾತ್ರ ಮುದ್ದೆಯಾಗಿ ಕೈಕೊಡುತ್ತದೆ. ಸಿಂಥೆಟಿಕ್ ತುಂಬಿದ್ದು ಸ್ವಲ್ಪ ಭಾರ, ಒದ್ದೆಯಾದರೂ ಕೆಲಸ ಮಾಡುತ್ತದೆ. ಕಿಬ್ಬರ್‌ನ ಚಳಿಗಾಲದ ಹಿಮ ಒಣ ಪುಡಿ, ಕೊಡವಿದರೆ ಉದುರುತ್ತದೆ, ಹಾಗಾಗಿ ಡೌನ್ ನಡೆಯುತ್ತದೆ. ವಾಟರ್‌ಪ್ರೂಫ್‌ಗೆ ತಲೆ ಕೆಡಿಸಿಕೊಳ್ಳಬೇಡಿ, ಹೊರ ಬಟ್ಟೆ ಗಾಳಿ ತಡೆಯಬೇಕು, ಅದು ಮುಖ್ಯ. ಇದೇ ಮಿಟನ್ ಹಾಕಿಕೊಂಡು ಕಾಶ್ಮೀರದ ಒದ್ದೆ ಹಿಮಕ್ಕೆ ಹೋಗುವುದಾದರೆ ಆಗ ಮಾತು ಬೇರೆ.

ಮಿಟನ್ ಸೈಜ್ ದೊಡ್ಡದಿರಲಿ. ಒಳಗೆ ಎರಡು ಪದರ ಹಾಕಿಕೊಂಡೂ ಬೆರಳನ್ನು ಎಳೆದು ಮುಷ್ಟಿ ಕಟ್ಟಲು ಆಗಬೇಕು. ಕಾಯುವಾಗ ಕೈ ಹಾಗೇ ಇರಬೇಕು, ಮುಷ್ಟಿಯಾಗಿ. ಇನ್ನೊಂದು, ಮಣಿಕಟ್ಟಿಗೆ ಸಿಕ್ಕಿಸುವ ದಾರ ಇರಲೇಬೇಕು, ಇಲ್ಲದಿದ್ದರೆ ನೀವೇ ಇಲಾಸ್ಟಿಕ್ ಹೊಲಿದುಕೊಳ್ಳಿ. ಹಿಮಚಿರತೆ ಎದ್ದಿತು ಅಂತ ಯಾರೋ ಪಿಸುಗುಟ್ಟಿದಾಗ ನೀವು ಮಿಟನ್ನನ್ನು ಜೋಪಾನವಾಗಿ ಜೇಬಿಗೆ ಇಡುವುದಿಲ್ಲ, ಕೈಯಿಂದ ಕಿತ್ತು ಬಿಸಾಡುತ್ತೀರಿ. ದಾರ ಇದ್ದರೆ ಅದು ಮಣಿಕಟ್ಟಿನಲ್ಲಿ ನೇತಾಡುತ್ತದೆ. ಇಲ್ಲದಿದ್ದರೆ ಗಾಳಿಗೆ ಕಮರಿಯೊಳಗೆ ಹೋಯಿತು, ಪ್ರವಾಸದ ಉಳಿದ ದಿನಗಳೂ ಅದರ ಹಿಂದೆಯೇ ಹೋದವು.

ಇನ್ನೊಂದು ವಿಷಯ ಯಾವ ಅಂಗಡಿಯವರೂ ಹೇಳುವುದಿಲ್ಲ. ಎರಡು ಕೈಗೂ ಒಂದೇ ಗ್ಲೌಸ್ ಯಾಕೆ ಬೇಕು? ನಿಮ್ಮ ಬಲಗೈ ಶಟರ್, ಡಯಲ್, ಫೋಕಸ್ ಬಟನ್ ನೋಡಿಕೊಳ್ಳುತ್ತದೆ. ಎಡಗೈ ಏನು ಮಾಡುತ್ತದೆ? ಲೆನ್ಸ್ ಮೇಲೆ ಕೂರುತ್ತದೆ, ಆಗೊಮ್ಮೆ ಈಗೊಮ್ಮೆ ಜೂಮ್ ತಿರುಗಿಸುತ್ತದೆ. ಟ್ರೈಪಾಡ್ ಮೇಲೆ ಗಿಂಬಲ್ ಹೆಡ್, ಅಂದರೆ ಭಾರದ ಲೆನ್ಸನ್ನು ತೂಗಿ ಹಿಡಿಯುವ ತಲೆ, ಇದ್ದರಂತೂ ಅದಕ್ಕೆ ಇನ್ನೂ ಕಡಿಮೆ ಕೆಲಸ. ನಿಮ್ಮ 200-600ರ ಜೂಮ್ ರಿಂಗ್ ಅಗಲವಾಗಿದ್ದು ಸಲೀಸಾಗಿ ತಿರುಗುವುದಾದರೆ ದಪ್ಪ ಮಿಟನ್ ಹಾಕಿಕೊಂಡೇ ತಿರುಗಿಸಬಹುದು. ಹಾಗಿದ್ದ ಮೇಲೆ ಎಡಗೈ ಮಿಟನ್ ದಿನವಿಡೀ ತೆಗೆಯುವ ಪ್ರಮೇಯವೇ ಇಲ್ಲ. ಬಲಗೈ ಒಂದೇ ಕಷ್ಟಪಡಲಿ, ಅದೂ ಎರಡು ಬೆರಳು ಮಾತ್ರ. ಉಳಿದ ಮೂರು ಬೆರಳು ಹಿಡಿಯುವುದಕ್ಕಷ್ಟೇ, ಅವು ನಡುವಿನ ಗ್ಲೌಸಿನೊಳಗೆ ಮುಚ್ಚಿಕೊಂಡೇ ಇರಲಿ. ಬಲಗೈ ತಣ್ಣಗಾದಾಗ ಎಡಗೈಯ ಬಿಸಿ ಮಿಟನ್ ಒಳಗೆ ಅದನ್ನೂ ತೂರಿಸಿ, ನೋಡೋಕೆ ವಿಚಿತ್ರ, ಆದರೆ ಎಷ್ಟು ಬೇಗ ಚೇತರಿಸುತ್ತದೆ ನೋಡಿ.

ಎಷ್ಟು ಹೊತ್ತು ಹೊರಗಿಡಬಹುದು ಅಂದರೆ, ನೋವು ಶುರುವಾದಾಗ ಒಳಗೆ ಹಾಕಿ. ನೋವು ನಿಂತ ಮೇಲೆ ಅಲ್ಲ. "ಆಹಾ, ಈಗ ಅಭ್ಯಾಸ ಆಯ್ತು, ನೋಯ್ತಾ ಇಲ್ಲ" ಅನ್ನುವ ಮಾತು ಅಲ್ಲಿ ಬಹಳ ಕೇಳಿಸುತ್ತದೆ. ಅಭ್ಯಾಸ ಗಿಭ್ಯಾಸ ಏನಿಲ್ಲ, ಬೆರಳಿನ ನರ ಕೆಲಸ ನಿಲ್ಲಿಸಿದೆ, ಅಪಾಯ ಶುರುವಾಗುವುದೇ ಅಲ್ಲಿಂದ.

ಈಗ ನಿಮ್ಮ ಬೆರಳು ಬೆಳ್ಳಗಾಗುವ ವಿಷಯ. ಇದನ್ನು ಸುಮ್ನೆ ದಾಟಿ ಹೋಗಬೇಡಿ. ಚಳಿ ಆದಾಗ ದೇಹ ಕೈಕಾಲಿನ ರಕ್ತನಾಳ ಬಿಗಿದು ಬಿಸಿ ರಕ್ತವನ್ನು ಎದೆ, ಹೊಟ್ಟೆಯ ಕಡೆ ಉಳಿಸಿಕೊಳ್ಳುವುದು ಎಲ್ಲರಿಗೂ ಆಗುವಂಥದ್ದೇ. ಆದರೆ ಕೆಮ್ಮಣ್ಣುಗುಂಡಿಯ ಚಳಿ ಎಷ್ಟು ಮಹಾ? ಅಷ್ಟಕ್ಕೇ ಬೆರಳು ಗೆರೆ ಎಳೆದ ಹಾಗೆ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಬಿಸಿ ತಾಗಿದಾಗ ಕೆಂಪಾಗಿ ಉರಿಯುತ್ತದೆ ಅಂದರೆ ಅದು ರೇನೋ ಅನ್ನುವ ತೊಂದರೆ ಇರಬಹುದು. ಹೆಂಗಸರಲ್ಲಿ ಹೆಚ್ಚು. ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಮೈಗ್ರೇನ್‌ಗೆ ಕೊಡುವ ಕೆಲವು ಮಾತ್ರೆಗಳು ಇದನ್ನು ಜಾಸ್ತಿ ಮಾಡುತ್ತವೆ. ಗ್ಲೌಸ್ ಅಂಗಡಿಗೆ ಹೋಗುವ ಮುಂಚೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ಹೋದಾಗ ಎತ್ತರಕ್ಕೆ ಹೋಗುವ ವಿಷಯವನ್ನೂ ಹೇಳಿ. ಎತ್ತರದ ಕಾಯಿಲೆಗೆ ಅಂತ ಡಯಾಮಾಕ್ಸ್ ಬರೆದುಕೊಟ್ಟರೆ ಒಂದು ನೆನಪಿರಲಿ, ಆ ಮಾತ್ರೆ ತಿಂದ ಹಲವರಿಗೆ ಬೆರಳ ತುದಿಯಲ್ಲಿ ಜುಮುಜುಮು ಅನಿಸುತ್ತದೆ. ಅದು ಮಾತ್ರೆಯದ್ದೋ ಚಳಿಯದ್ದೋ ಅಂತ ಗೊಂದಲ ಆಗುತ್ತದೆ. ಗೊಂದಲ ಆದಾಗ ಚಳಿಯದ್ದೇ ಅಂತ ತಿಳಿದು ಕೈ ಮುಚ್ಚಿಕೊಳ್ಳಿ, ನಷ್ಟವಿಲ್ಲ.

ಬ್ಯಾಟರಿ ಗ್ಲೌಸ್ ಬೇರೆಯವರು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ನಿಮ್ಮಂಥವರಿಗೆ ಅದಕ್ಕೆ ಅರ್ಥ ಇದೆ. ದಪ್ಪನೆಯದನ್ನು ಕೊಳ್ಳದೆ, ತೆಳುವಾದ ಬಿಸಿ ಲೈನರ್ ಕೊಂಡು ಅದರ ಮೇಲೆ ಮಿಟನ್ ಹಾಕಿ. ಆದರೆ ಅದನ್ನೇ ನಂಬಿ ಮಿಟನ್ ಬಿಟ್ಟು ಹೋಗಬೇಡಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಚಳಿಗಾಲದಲ್ಲಿ ಕಿಬ್ಬರ್ ಹೋಮ್‌ಸ್ಟೇಯಲ್ಲಿ ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇರುವ ಒಂದು ಪ್ಲಗ್ಗಿಗೆ ಕ್ಯಾಮೆರಾ ಬ್ಯಾಟರಿ ಹಾಕುತ್ತೀರೋ ಗ್ಲೌಸ್ ಹಾಕುತ್ತೀರೋ? ವಿಮಾನದಲ್ಲಿ ಈ ಬ್ಯಾಟರಿಗಳನ್ನು, ಪವರ್‌ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಲಗೇಜಿಗೆ ಹಾಕುವ ಹಾಗಿಲ್ಲ.

ಅದಕ್ಕಿಂತ ಅಗ್ಗ, ಸುಲಭ ಅಂದರೆ ಪೊಟ್ಟಣದ ಹ್ಯಾಂಡ್ ವಾರ್ಮರ್. ಒಳಗಿರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಸ್ವಲ್ಪ ತೇವ. ಪೊಟ್ಟಣ ಹರಿದಾಗ ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಬಿಸಿಯೇ ನಿಮ್ಮ ಕೈಗೆ. ಗಾಳಿ ಇಲ್ಲದೆ ಇದು ನಡೆಯುವುದಿಲ್ಲ. ಕಿಬ್ಬರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 60 ಶೇಕಡಾ ಮಾತ್ರ, ಆಮ್ಲಜನಕವೂ ಅಷ್ಟೇ ಕಡಿಮೆ. ಹಾಗಾಗಿ ಬೆಂಗಳೂರಿನಲ್ಲಿ ಕೈ ಸುಟ್ಟುಹೋಗುತ್ತದೇನೋ ಅನ್ನುವಷ್ಟು ಕಾದ ಪೊಟ್ಟಣ ಅಲ್ಲಿ ಉಗುರುಬೆಚ್ಚಗೆ ಕೂರುತ್ತದೆ. ಜನ "ಡೂಪ್ಲಿಕೇಟ್ ಮಾಲು ಕೊಟ್ಟ" ಅಂತ ಅಂಗಡಿಯವನನ್ನು ಬೈಯುತ್ತಾರೆ. ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ ಹರಿದು, ಜೇಬಿನಲ್ಲಿಟ್ಟು ಆಗಾಗ ಅಲುಗಾಡಿಸಿ, ಬಿಸಿಯೇರಿದ ಮೇಲೆ ಮಿಟನ್‌ಗೆ ಹಾಕಿ, ನಡುನಡುವೆ ಹೊರತೆಗೆದು ಗಾಳಿ ಕುಡಿಸಿ. ಬರಿ ಚರ್ಮಕ್ಕೆ ತಾಗಿಸಬೇಡಿ. ಮಧ್ಯಾಹ್ನವೇ ವಾಪಸ್ ಬಂದರೆ ಗಾಳಿಯಾಡದ ಜಿಪ್ ಕವರಿನಲ್ಲಿ ಮುಚ್ಚಿಡಿ, ತುಕ್ಕು ಹಿಡಿಯುವುದು ನಿಲ್ಲುತ್ತದೆ, ಉಳಿದ ಬಿಸಿ ಸಂಜೆಗೆ ಸಿಗುತ್ತದೆ. ಕೊಳ್ಳುವಾಗ ತಾರೀಖು ನೋಡಿ, ಹಳೆಯದಾದರೆ ಒಳಗೇ ಗಟ್ಟಿಯಾಗಿ ಕಲ್ಲಾಗಿರುತ್ತದೆ.

ಪೊಟ್ಟಣವನ್ನು ಅಂಗೈಯಲ್ಲಿ ಹಿಡಿಯುವುದಕ್ಕಿಂತ ಮಣಿಕಟ್ಟಿನ ಒಳಭಾಗಕ್ಕೆ, ನಾಡಿ ನೋಡುವ ಜಾಗಕ್ಕೆ ಇಡುವುದು ನನಗೆ ಇಷ್ಟ. ಬೆರಳಿಗೆ ಹೋಗುವ ರಕ್ತ ಅಲ್ಲಿ ಚರ್ಮಕ್ಕೆ ಹತ್ತಿರವೇ ಹಾದುಹೋಗುತ್ತದೆ. ಜಾಕೆಟ್ ತೋಳು ಮತ್ತು ಗ್ಲೌಸಿನ ನಡುವೆ ಎರಡು ಬೆರಳಗಲ ಚರ್ಮ ಕಾಣಿಸುತ್ತಿದ್ದರೆ ಎಷ್ಟು ದುಬಾರಿ ಗ್ಲೌಸ್ ಹಾಕಿದರೂ ಪ್ರಯೋಜನ ಇಲ್ಲ. ಹಳೆಯ ಉಣ್ಣೆ ಸಾಕ್ಸ್ ಇದ್ದರೆ ಪಾದದ ಭಾಗ ಕತ್ತರಿಸಿ ತೆಗೆಯಿರಿ, ಉಳಿದ ಕೊಳವೆಯಲ್ಲಿ ಹೆಬ್ಬೆರಳಿಗೆ ಒಂದು ತೂತು ಮಾಡಿ, ಲೈನರ್ ಮೇಲೆ ಮಣಿಕಟ್ಟಿಗೆ ಏರಿಸಿ. ಖರ್ಚಿಲ್ಲದ ಕೆಲಸ, ಅರ್ಧ ಗ್ಲೌಸಿನಷ್ಟು ಉಪಯೋಗ. ಮತ್ತೆ ಬಳೆ, ಉಂಗುರ, ವಾಚು ಎಲ್ಲ ಊರಲ್ಲೇ ಬಿಚ್ಚಿಟ್ಟು ಹೋಗಿ. ಬಳೆ ಗ್ಲೌಸಿನ ಪಟ್ಟಿಯನ್ನು ಎತ್ತಿ ಹಿಡಿದು ಗಾಳಿಗೆ ದಾರಿ ಮಾಡುತ್ತದೆ, ಉಂಗುರ ಲೋಹದ ತಂಪನ್ನು ನೇರ ಬೆರಳಿಗೆ ತರುತ್ತದೆ. ಚಳಿಗೆ ಬೆರಳು ಊದಿತು ಅಂದರೆ ಆಮೇಲೆ ತೆಗೆಯಲೂ ಆಗುವುದಿಲ್ಲ.

ಕೈ ತಣ್ಣಗಿದೆ ಅಂದರೆ ಅನೇಕ ಸಲ ತಪ್ಪು ಕೈಯದ್ದಲ್ಲ. ಎದೆ, ಬೆನ್ನು, ತಲೆ ಬೆಚ್ಚಗಿಲ್ಲದಿದ್ದರೆ ದೇಹ ಮೊದಲು ಕೈಗೆ ಸಪ್ಲೈ ನಿಲ್ಲಿಸುತ್ತದೆ. ಬೆಳಗ್ಗೆ ಹೊಟ್ಟೆ ತುಂಬ ತಿನ್ನಿ, ಬಿಸಿನೀರು ಕುಡಿಯುತ್ತಿರಿ. ಟಾಯ್ಲೆಟ್ ಕಷ್ಟ ಅಂತ ನೀರು ಬಿಡುವ ಹೆಂಗಸರೇ ಜಾಸ್ತಿ, ಅದು ಎತ್ತರಕ್ಕೂ ಕೆಟ್ಟದ್ದು, ಚಳಿಗೂ ಕೆಟ್ಟದ್ದು. ಸಿಗರೇಟು ರಕ್ತನಾಳ ಬಿಗಿಯುತ್ತದೆ. ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಅನ್ನುವುದು ಸುಳ್ಳು, ಮೈಯ ಬಿಸಿ ಚರ್ಮಕ್ಕೆ ಬಂದು ಹೊರಗೆ ಹೋಗುತ್ತದೆ ಅಷ್ಟೇ. ಬೆರಳು ತೀರಾ ಸೆಟೆದರೆ ಎದ್ದು ನಿಂತು ತೋಳನ್ನು ಗಾಣದ ಹಾಗೆ ಜೋರಾಗಿ ಸುತ್ತಿಸಿ, ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಪಕ್ಕದವರ ಟ್ರೈಪಾಡ್ ನೋಡಿಕೊಂಡು ಸುತ್ತಿಸಿ.

ಕ್ಯಾಮೆರಾ ಕಡೆಯಿಂದಲೂ ಕೆಲಸ ಕಡಿಮೆ ಮಾಡಬಹುದು. ಅಲ್ಯುಮಿನಿಯಂ ಟ್ರೈಪಾಡ್ ಆದರೆ ಮೇಲಿನ ಕಾಲುಗಳಿಗೆ ಸೈಕಲ್ ಹ್ಯಾಂಡಲ್ ಟೇಪೋ ಫೋಮೋ ಸುತ್ತಿ. ಲೆನ್ಸಿನ ಕೆಳಗಿನ ಲೋಹದ ಕಾಲಿಗೂ ಸುತ್ತಿ, ಎಲ್ಲರೂ ಹಿಡಿದು ಎತ್ತುವುದು ಅದನ್ನೇ. ಐಎಸ್‌ಒ ಆಟೊಗೆ ಬಿಡಿ. ಹಿಮ ತುಂಬಿದ ದೃಶ್ಯದಲ್ಲಿ ಕ್ಯಾಮೆರಾ ಮೋಸಹೋಗಿ ಫೋಟೊವನ್ನು ಮಂಕು ಮಾಡುತ್ತದೆ, ಅದಕ್ಕೆ ಎಕ್ಸ್‌ಪೋಷರ್ ಕಾಂಪನ್ಸೇಶನ್ ಸುಮಾರು ಒಂದು ಸ್ಟಾಪ್ ಏರಿಸಬೇಕಾಗುತ್ತದೆ. ಅಲ್ಲಿ ನಿಮಗೆ ಬೇಕಾಗುವ ಡಯಲ್ ಹೆಚ್ಚುಕಮ್ಮಿ ಅದೊಂದೇ. ಅದನ್ನು ಹೆಬ್ಬೆರಳಿಗೆ ಸಿಗುವ ಹಿಂದಿನ ಡಯಲ್‌ಗೆ ಹೊಂದಿಸಿಕೊಳ್ಳಿ. ಉಳಿದಿದ್ದೆಲ್ಲ ರಾತ್ರಿ ಬುಖಾರಿ, ಅಂದರೆ ಮನೆ ಬೆಚ್ಚಗಿಡುವ ಒಲೆಯ ಪಕ್ಕ ಕೂತು ಸೆಟ್ ಮಾಡಿ.

ಬುಖಾರಿ ಅಂದೆನಲ್ಲ, ಬೆಳ್ಳಗಾಗಿ ಮರಗಟ್ಟಿದ ಬೆರಳನ್ನು ಅದಕ್ಕೆ ಹಿಡಿಯಬೇಡಿ. ಸ್ಪರ್ಶವೇ ಇಲ್ಲದ ಚರ್ಮಕ್ಕೆ ಸುಡುವುದೂ ತಿಳಿಯುವುದಿಲ್ಲ. ಉಜ್ಜಲೂಬೇಡಿ, ಹಿಮದಿಂದ ಉಜ್ಜುವ ಹಳೆಯ ಪದ್ಧತಿ ಇನ್ನೂ ಕೆಟ್ಟದ್ದು. ಕಂಕುಳಲ್ಲಿ ಇಟ್ಟುಕೊಳ್ಳಿ. ಸ್ವಲ್ಪ ಹೊತ್ತಿಗೆ ಬಣ್ಣ, ಸ್ಪರ್ಶ ವಾಪಸ್ ಬಂದರೆ ಸರಿ. ಬರದೆ ಮೇಣದ ಹಾಗೆ ಗಟ್ಟಿಯಾಗಿ ಉಳಿದರೆ, ಇಲ್ಲವೇ ಗುಳ್ಳೆ ಎದ್ದರೆ ಕೆಳಗಿನ ಪಟ್ಟಣ ಕಾಜಾದ ಆಸ್ಪತ್ರೆಗೆ ಇಳಿಯಿರಿ, ಫೋಟೊ ಆಮೇಲೆ. ಒದ್ದೆ ಲೈನರನ್ನೂ ಬುಖಾರಿಗೆ ಅಂಟಿಸಿ ಒಣಗಿಸಬೇಡಿ, ಪಾಲಿಯೆಸ್ಟರ್ ಕರಗಿ ಹೋಗುತ್ತದೆ. ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆಯ ಹತ್ತಿರ ಹಾಕಿಕೊಂಡರೆ ಬೆಳಗ್ಗೆಗೆ ಒಣಗಿರುತ್ತದೆ, ಕ್ಯಾಮೆರಾ ಬ್ಯಾಟರಿಗಳೂ ಅಲ್ಲೇ ಇರಲಿ.

ಕೊಳ್ಳುವ ಮಾತು ಇನ್ನೊಂಚೂರು. ಅಂಗೈಯ ಸುತ್ತಳತೆಯನ್ನು, ಹೆಬ್ಬೆರಳು ಬಿಟ್ಟು, ಗೆಣ್ಣಿನ ಮೇಲೆ ಟೇಪ್ ಹಿಡಿದು ಇಂಚಿನಲ್ಲಿ ನೋಡಿ. ಏಳು ಬಂದರೆ ಸೈಜ್ 7ರ ಸುತ್ತಮುತ್ತ. ಲೈನರ್ ಆ ಅಳತೆಗೆ, ನಡುವಿನದು ಒಂದು ಸೈಜ್ ದೊಡ್ಡದು, ಮಿಟನ್ ಇನ್ನೂ ದೊಡ್ಡದು. ಗ್ಲೌಸಿನ ಚೀಟಿಯಲ್ಲಿ "ಮೈನಸ್ 20ಕ್ಕೆ ಸಾಕು" ಅಂತ ಬರೆದಿದ್ದರೆ ಅದು ಕಂಪನಿಯವರ ಮಾತು, ಕೈ ಆಡಿಸುತ್ತಾ ನಡೆಯುವವನ ಲೆಕ್ಕವೂ ಆಗಿರಬಹುದು. ನೀವು ನಿಂತಲ್ಲೇ ನಿಲ್ಲುವವರು. ಯುರೋಪಿನ ಇಎನ್ 511 ಗುರುತು, ಹಿಮದ ಹರಳಿನ ಚಿತ್ರ, ಕೆಳಗೆ ಮೂರು ಅಂಕಿ ಇದ್ದರೆ ಅದನ್ನು ನಂಬಬಹುದು. ಎರಡನೆಯ ಅಂಕಿ ತಣ್ಣನೆಯ ವಸ್ತು ಮುಟ್ಟಿದಾಗ ಎಷ್ಟು ತಡೆಯುತ್ತದೆ ಅನ್ನುವುದು, 0ಯಿಂದ 4ರವರೆಗೆ. ಕ್ಯಾಮೆರಾ ಹಿಡಿಯುವವರಿಗೆ ಆ ಅಂಕಿಯೇ ಬೇಕಾದ್ದು. ಮುಖ್ಯವಾಗಿ ಕೋಲ್ಡ್ ಸ್ಟೋರೇಜ್ ಕೆಲಸದವರ ಗ್ಲೌಸಿನಲ್ಲಿ ಈ ಗುರುತು ಕಾಣುತ್ತದೆ. ದಾರಿಯಲ್ಲಿ ಕೊಂಡರಾಯಿತು ಅಂತ ಬಿಡಬೇಡಿ. ಚಳಿಗಾಲದಲ್ಲಿ ಮನಾಲಿ ಕಡೆಯಿಂದ ಬರುವ ಕುಂಜುಮ್ ಕಣಿವೆ ದಾರಿ ಮುಚ್ಚಿರುತ್ತದೆ, ನೀವು ಶಿಮ್ಲಾ, ರಾಂಪುರ, ರೆಕಾಂಗ್ ಪಿಯೋ ಮೂಲಕವೇ ಹೋಗುವುದು. ಅಲ್ಲಿ ಕೈಯಿಂದ ಹೆಣೆದ ಉಣ್ಣೆ ಗ್ಲೌಸ್ ಸಿಗುತ್ತದೆ, ನಡುವಿನ ಪದರಕ್ಕೆ ಬಹಳ ಚೆಂದ, ಒಂದು ಜೊತೆ ಕೊಳ್ಳಿ. ಮಿಟನ್ ಮಾತ್ರ ಇಲ್ಲಿಂದಲೇ ಒಯ್ಯಿರಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ವರ್ಷಗಳಿಂದ ಕಿಬ್ಬರ್‌ನಲ್ಲಿ ಹಿಮಚಿರತೆಯ ಕೆಲಸ ಮಾಡುತ್ತಿದ್ದಾರೆ, ಹಾಗಾಗಿ ಆ ಚಳಿಯನ್ನು ಬಲ್ಲ ಕನ್ನಡಿಗರು ನಮ್ಮ ನಡುವೆಯೇ ಇದ್ದಾರೆ. ಅಂಥವರು ಯಾರಾದರೂ ಸಿಕ್ಕರೆ ಅವರ ಕೈಯ ಗ್ಲೌಸ್ ಯಾವುದು ಅಂತ ನೋಡಿ.

ಶಿವಮೊಗ್ಗದಲ್ಲಿ ಕೂತು ಪರೀಕ್ಷೆ ಮಾಡುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಹತ್ತಿರ ಇರುತ್ತದೆ, ಅಂದರೆ ಕಿಬ್ಬರ್‌ನ ಬೆಳಗು ನಿಮ್ಮ ಅಡುಗೆಮನೆಯಲ್ಲೇ ಇದೆ. ಒಂದು ದಪ್ಪನೆಯ ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ತುಂಬಿ ರಾತ್ರಿಯಿಡೀ ಒಳಗಿಡಿ. ಬೆಳಗ್ಗೆ ಲೈನರ್ ಹಾಕಿಕೊಂಡು ಅದನ್ನು ಹಿಡಿಯಿರಿ, ಎಷ್ಟು ಹೊತ್ತಿಗೆ ನೋವು ಬಂತು ನೋಡಿ. ಆಮೇಲೆ ನಡುವಿನ ಗ್ಲೌಸ್ ಸೇರಿಸಿ ಹಿಡಿಯಿರಿ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುತ್ತದೆ. ಡಾಕ್ಟರು ಬೇಡ ಅಂದರೆ ಈ ಆಟವೂ ಬೇಡ. ಅದಾದ ಮೇಲೆ ಮೂರೂ ಪದರ ಹಾಕಿಕೊಂಡು, ಸೆಕೆಯಾದರೂ ಸರಿ, ತಾರಸಿಗೆ ಹೋಗಿ. ಮೇಲೆ ಹದ್ದುಗಳು ಸುತ್ತುತ್ತಿರುತ್ತವೆ. ಕೈ ಮುಷ್ಟಿ ಕಟ್ಟಿ ಕಾಯಿರಿ, ಒಂದು ಹದ್ದು ಹತ್ತಿರ ಬಂದಾಗ ಬಲಗೈ ಮಿಟನ್ ಬೀಳಿಸಿ, ತುದಿ ಮಡಚಿ, ಫೋಕಸ್ ಹಿಡಿದು ನಾಲ್ಕು ಫೋಟೊ ಹೊಡೆದು, ಕೈ ವಾಪಸ್ ಮಿಟನ್‌ಗೆ. ಕ್ಯಾಮೆರಾದಿಂದ ಕಣ್ಣು ತೆಗೆಯದೆ ಇಷ್ಟೂ ಆಗಬೇಕು. ಬೆರಳು ಎಲ್ಲಾದರೂ ತಡವರಿಸಿದರೆ ಆ ಪದರ ನಿಮಗೆ ಸರಿಯಿಲ್ಲ, ಬದಲಿಸಿ. ಅಲ್ಲಿಯವರೆಗೆ ಅಂಗಡಿಯ ಬಿಲ್ ಎಸೆಯಬೇಡಿ, ಗ್ಲೌಸಿನ ಚೀಟಿಯನ್ನೂ ಕೀಳಬೇಡಿ.